ಎಂಟು ದೇಶಗಳ ಬಿಸು: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ಕಟಪಾಡಿ ಕಡೆಯವಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಏಪ್ರಿಲ್ ಮಧ್ಯದಲ್ಲಿ ಬರುವ ನಮ್ಮ ತುಳುನಾಡಿನ ಹೊಸ ವರ್ಷ, ಬಿಸು ಹಬ್ಬದ ಬಗ್ಗೆ ನಿಮ್ಮಲ್ಲಿ ಒಂದೆರಡು ಮಾತು ಹೇಳಬೇಕಿದೆ. ರಜೆ ಕೇಳಲು ಹೊರಟಿದ್ದಾಳೆ ಎಂದುಕೊಳ್ಳಬೇಡಿ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿಯ ರಜೆ ಹೇಗೂ ಇದೆ. ಮಕ್ಕಳಿಗೆ ಅಷ್ಟರಲ್ಲಿ ಬೇಸಿಗೆ ರಜೆ ಶುರುವಾಗಿರುತ್ತದೆ. ನಾನು ಕೇಳುವುದು ಬೇರೆ.

ಕಳೆದ ಬಿಸುವಿಗೆ ಮಂಗಳೂರಿನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೆ. ಬೆಳಿಗ್ಗೆ ಎದ್ದೊಡನೆ ಕಣಿ (ಕನ್ನಡಿಯ ಮುಂದೆ ಜೋಡಿಸಿಟ್ಟ ಅಕ್ಕಿ, ಕಾಯಿ) ನೋಡಿ, ಕಿರಿಯರ ತಲೆ ಮುಟ್ಟಿ ಹರಸಿ, ಹೂವು ತರಲು ಕೆಳಗೆ ಇಳಿದೆ. ಗೇಟಿನಲ್ಲಿ ನೇಪಾಳದ ವಾಚ್‌ಮನ್. ಹಣೆಗೆ ಕೆಂಪು ಟೀಕಾ, ಇಸ್ತ್ರಿ ಮಾಡಿದ ಅಂಗಿ. "ಅಮ್ಮಾ, ಇವತ್ತು ನಮ್ಮ ಹೊಸ ವರ್ಷ" ಅಂದ, ಅರ್ಧ ತುಳು ಅರ್ಧ ಹಿಂದಿಯಲ್ಲಿ. "ನಮ್ಮದೂ ಇವತ್ತೇ ಅಲ್ವಾ ಮಾರಾಯ" ಅಂದೆ. ಅವನು ನಂಬಲಿಲ್ಲ. "ನಿಮ್ಮದು ಜನವರಿಗಲ್ವಾ?" ಎಂದು ಕೇಳಿದ.

ಅವನು ಈ ಊರಿಗೆ ಬಂದು ಒಂಬತ್ತು ವರ್ಷವಾಯಿತಂತೆ. ಮೇಲಿನ ಮನೆಗಳಲ್ಲಿ ಅರ್ಧದಷ್ಟು ಜನ ಅದೇ ಬೆಳಿಗ್ಗೆ ಅಕ್ಕಿ, ತೆಂಗಿನಕಾಯಿ, ಕನ್ನಡಿ ಇಟ್ಟು ಹೊಸ ವರ್ಷದ ಮುಖ ನೋಡುತ್ತಾರೆ. ಕೆಳಗೆ ಗೇಟಿನಲ್ಲಿ ಇವನು ಒಬ್ಬನೇ ತನ್ನ ಹೊಸ ವರ್ಷ ಮಾಡಿಕೊಳ್ಳುತ್ತಾನೆ. ಒಂಬತ್ತು ವರ್ಷ ಇಬ್ಬರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಗೆಳೆಯರ ರೂಮಿಗೆ ಊಟಕ್ಕೆ ಹೋಗಲು ಎರಡು ಗಂಟೆ ಬಿಡುವು ಕೇಳಿದ್ದನಂತೆ. "ಇವತ್ತು ನಿನಗೆ ಯಾವ ಹಬ್ಬ?" ಎಂದು ಕೇಳಿ ಕಳುಹಿಸಿದರಂತೆ.

ಅದೇ ದಿನ ಮಗಳ ಫೋನಿಗೆ ಒಂದು ಪೋಸ್ಟರ್ ಬಂತು. ಬಿಸು ಅಪ್ಪಟ ತುಳುನಾಡಿನದು, ಕೇರಳದವರು ಅದನ್ನು ಕದ್ದು ವಿಷು ಮಾಡಿಕೊಂಡರು, ಹಂಚಿಕೊಳ್ಳಿ ಎಂದು. ಅದರ ಕೆಳಗೆ ಜಗಳವೋ ಜಗಳ. ಗೇಟಿನಲ್ಲಿ ಕೇಳಿದ ಮಾತು, ಫೋನಿನಲ್ಲಿ ಓದಿದ ಮಾತು ಎರಡೂ ತಲೆಯಲ್ಲಿ ಕೂತು ಈ ಪತ್ರ ಬರೆಸುತ್ತಿವೆ.

ಯಾರೂ ಯಾರಿಂದಲೂ ಕದ್ದಿಲ್ಲ ಸ್ವಾಮಿ. ಹೆಸರನ್ನೇ ನೋಡಿ. ನಮ್ಮದು ಬಿಸು. ಕೊಡಗಿನಲ್ಲೂ ಬಿಸು, ಅವರ ಎಡಮ್ಯಾರ್ ತಿಂಗಳ ಮೊದಲ ದಿನ. ಕೇರಳದ್ದು ವಿಷು. ಅಸ್ಸಾಮಿನದು ಬಿಹು. ಒಡಿಶಾದಲ್ಲಿ ಮಹಾವಿಷುವ ಸಂಕ್ರಾಂತಿ. ಎಲ್ಲದರ ಬೇರು 'ವಿಷುವ' ಎನ್ನುತ್ತಾರೆ. ಅಂದರೆ ಹಗಲು ರಾತ್ರಿ ಸರಿಸಮ ಆಗುವುದು. ಇಷ್ಟು ವರ್ಷ ಬೋರ್ಡಿನ ಮೇಲೆ 'ವಿಷುವದ್ವೃತ್ತ' ಎಂದು ಬರೆದು ಭೂಮಿಯ ನಡುವೆ ಗೆರೆ ಎಳೆದವಳು ನಾನು. ಅದರಲ್ಲಿ ನಮ್ಮ ಮನೆಯ ಬಿಸು ಕೂತಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಮಕ್ಕಳಿಗೆ ಏನು ಹೇಳಿಕೊಟ್ಟೆನೋ!

ಗಡಿ ದಾಟಿದರೂ ಅದೇ ಕಥೆ. ಸೂರ್ಯ ಮೇಷ ರಾಶಿಗೆ ಕಾಲಿಡುವ ಈ ಹೊತ್ತನ್ನು ನೇಪಾಳದಲ್ಲಿ ವೈಶಾಖದ ಮೊದಲ ದಿನ ಎನ್ನುತ್ತಾರೆ, ಅವರ ವಿಕ್ರಮ ಸಂವತ್ ಅಲ್ಲಿಂದ ಬದಲಾಗುತ್ತದೆ. ಬಾಂಗ್ಲಾದೇಶದಲ್ಲಿ ಪೊಹೆಲಾ ಬೊಯಿಶಾಖ್. ಶ್ರೀಲಂಕಾದಲ್ಲಿ ಸಿಂಹಳರಿಗೆ ಅಲುತ್ ಅವುರುದ್ದ, ತಮಿಳರಿಗೆ ಪುತ್ತಾಂಡು. ಮ್ಯಾನ್ಮಾರ್‌ನಲ್ಲಿ ತಿಂಜಾನ್, ಥಾಯ್ಲೆಂಡ್‌ನಲ್ಲಿ ಸೊಂಗ್‌ಕ್ರಾನ್, ಲಾವೋಸ್‌ನಲ್ಲಿ ಪಿ ಮೈ, ಕಾಂಬೋಡಿಯಾದಲ್ಲಿ ಚೌಲ್ ಛ್ನಾಮ್ ಥ್ಮೇ. ನಮ್ಮನ್ನೂ ಸೇರಿಸಿದರೆ ಎಂಟು ದೇಶ. ಉಳಿದ ಏಳರಲ್ಲೂ ಅದು ಸರ್ಕಾರಿ ರಜೆಯ ಹೊಸ ವರ್ಷ. ಸೊಂಗ್‌ಕ್ರಾನ್ ಎನ್ನುವುದು ಬೇರೇನೂ ಅಲ್ಲ, ನಮ್ಮ 'ಸಂಕ್ರಾಂತಿ'ಯೇ ಥಾಯ್ ಬಾಯಲ್ಲಿ ಹಾಗಾಗಿದೆ. ಟಿವಿಯಲ್ಲಿ ಬ್ಯಾಂಕಾಕಿನ ಜನ ಒಬ್ಬರ ಮೇಲೊಬ್ಬರು ನೀರು ಎರಚುವುದನ್ನು ನೋಡಿ "ಹೋಳಿ ತರ ಇದೆ" ಎನ್ನುತ್ತೇವೆ. ಅದು ಹೋಳಿ ಅಲ್ಲ, ಬಿಸು.

ಈಗ ಒಂದು ತೊಡಕು. ಬಿಸು ಎಂದರೆ ಹಗಲು ರಾತ್ರಿ ಸಮ ಎಂದಾದರೆ, ಅದು ಏಪ್ರಿಲ್ ಮಧ್ಯದಲ್ಲಿ ಯಾಕೆ? ಸಮ ಆಗುವುದು ಮಾರ್ಚ್ 20-21ರ ಹೊತ್ತಿಗೆ. ಬಿಸು ಬರುವಾಗ ನಮ್ಮಲ್ಲಿ ಹಗಲು ರಾತ್ರಿಗಿಂತ ಉದ್ದವಾಗಿ ಬಿಟ್ಟಿರುತ್ತದೆ. ಬಿಸು ಕಳೆದು ಹತ್ತು ಹನ್ನೊಂದು ದಿನಕ್ಕೆ ಉಡುಪಿ, ಮಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೇ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ.

ಇದರ ಉತ್ತರ ನನಗೆ ತುಂಬ ಇಷ್ಟ, ಸ್ವಲ್ಪ ತಾಳ್ಮೆ ಇರಲಿ. ವರ್ಷವನ್ನು ಎರಡು ರೀತಿ ಅಳೆಯಬಹುದು. ಒಂದು, ಹಗಲು ರಾತ್ರಿ ಸಮವಾದ ದಿನದಿಂದ ಮತ್ತೆ ಸಮವಾಗುವ ದಿನಕ್ಕೆ. ಅದು 365 ದಿನ, 5 ಗಂಟೆ, 49 ನಿಮಿಷ. ಗೋಡೆಯ ಕ್ಯಾಲೆಂಡರ್ ಇದನ್ನು ಹಿಡಿದು ನಡೆಯುತ್ತದೆ. ಇನ್ನೊಂದು, ಸೂರ್ಯ ಒಂದು ನಕ್ಷತ್ರದ ಎದುರಿಗಿದ್ದವನು ತಿರುಗಿ ಅದೇ ನಕ್ಷತ್ರದ ಎದುರಿಗೆ ಬರುವವರೆಗೆ. ಅದು 365 ದಿನ, 6 ಗಂಟೆ, 9 ನಿಮಿಷ. ನಮ್ಮ ಸೌರ ಪಂಚಾಂಗ ಈ ನಕ್ಷತ್ರದ ಲೆಕ್ಕದ್ದು. ವ್ಯತ್ಯಾಸ ಬರೇ 20 ನಿಮಿಷ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುವುದರಿಂದ ಆಗುವ ವ್ಯತ್ಯಾಸ ಅದು. ಒಂದು ಓಲಾಟ ಮುಗಿಯಲು ಸುಮಾರು 26,000 ವರ್ಷ ಬೇಕು.

20 ನಿಮಿಷ ಏನು ಮಹಾ, ಬಸ್ಸಿಗೆ ಕಾದ ಹಾಗೆ ಅನ್ನಿಸಬಹುದು. ಆದರೆ 72 ವರ್ಷ ಸೇರಿದರೆ ಒಂದು ಪೂರ್ತಿ ದಿನ. ಹೀಗೆ ದಿನಕ್ಕೆ ದಿನ ಸೇರಿ ಈಗ ಬಿಸು ತನ್ನ ಹೆಸರಿಗಿಂತ ಸುಮಾರು 24 ದಿನ ಹಿಂದೆ ಬಿದ್ದಿದೆ. 24ನ್ನು 72ರಿಂದ ಗುಣಿಸಿ ನೋಡಿ. ಸುಮಾರು 1,700 ವರ್ಷದ ಹಿಂದೆ ಬಿಸುವೂ ವಿಷುವವೂ ಒಂದೇ ದಿನ ಇದ್ದವು. ಈ ಲೆಕ್ಕ ಇನ್ನೂ ನಡೆಯುತ್ತಲೇ ಇದೆ. ಜಲಿಯನ್‌ವಾಲಾಬಾಗ್‌ನಲ್ಲಿ ಗುಂಡು ಹಾರಿದ 1919ರ ಏಪ್ರಿಲ್ 13 ಬೈಸಾಖಿಯ ದಿನ, ಅಂದರೆ ಪಂಜಾಬಿನ ಬಿಸು. ಈಗ ಸಂಕ್ರಮಣ ಹೆಚ್ಚಿನ ವರ್ಷ 14ಕ್ಕೆ ಬರುತ್ತದೆ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಇನ್ನೂ ತಡವಾಗಿ ಕಣಿ ನೋಡುತ್ತಾರೆ.

ಇದನ್ನು ಸರಿ ಮಾಡಲು ನಮ್ಮ ಸರ್ಕಾರ ಒಮ್ಮೆ ಹೊರಟದ್ದುಂಟು. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣೆಗೆ ಸಮಿತಿ ಮಾಡಿದರು. 1955ರಲ್ಲಿ ವರದಿ ಬಂತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ವರ್ಷದ ಮೊದಲ ದಿನವನ್ನು ಮತ್ತೆ ವಿಷುವದ ಪಕ್ಕಕ್ಕೇ ತಂದಿಟ್ಟರು. ಅಷ್ಟೇ. ಗೆಜೆಟ್ಟಿನ ತಲೆಯಲ್ಲಿ ಆ ತಾರೀಕು ಇರುತ್ತದೆ, ಯಾರ ಮನೆಯಲ್ಲೂ ಆ ದಿನ ಪಾಯಸ ಕುದಿಯುವುದಿಲ್ಲ. ವಿಜ್ಞಾನ ಸಹಾ ಅವರ ಕಡೆಗಿತ್ತು. ಪಾಯಸದ ಪಾತ್ರೆ ಅಜ್ಜಿಯರ ಕೈಯಲ್ಲಿತ್ತು.

ಬೇರೆ ದೇಶಗಳು ಇದೇ ದಿನವನ್ನು ಏನೇನು ಮಾಡಿದವು ನೋಡಿ. ಥಾಯ್ಲೆಂಡಿನವರು 1889ರಲ್ಲಿ ಸರ್ಕಾರಿ ಹೊಸ ವರ್ಷವನ್ನು ಏಪ್ರಿಲ್ 1ಕ್ಕೆ, 1941ರಲ್ಲಿ ಜನವರಿ 1ಕ್ಕೆ ತಂದರು. ಆದರೆ ಸೊಂಗ್‌ಕ್ರಾನ್ ಬಿಡಲಿಲ್ಲ, ಏಪ್ರಿಲ್ 13ರಿಂದ 15ರವರೆಗೆ ರಜೆ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿಸಿಕೊಂಡರು. ಬಾಂಗ್ಲಾದೇಶ ಏಪ್ರಿಲ್ 14 ಎಂದು ನಿಗದಿ ಮಾಡಿಬಿಟ್ಟಿತು. ಪಶ್ಚಿಮ ಬಂಗಾಳದವರು ಹಳೆಯ ಪಂಚಾಂಗದಂತೆ ಹೆಚ್ಚಾಗಿ 15ಕ್ಕೆ ಮಾಡುತ್ತಾರೆ. ಒಂದೇ ಭಾಷೆ, ಒಂದೇ ಹಾಡು, ನಡುವೆ ಒಂದು ಬೇಲಿ, ಹಬ್ಬ ಎರಡು ದಿನ. ಪೂರ್ವ ಪಾಕಿಸ್ತಾನದ ಕಾಲದಲ್ಲಿ, 1967ರಲ್ಲಿ, ಢಾಕಾದ ರಮ್ನಾ ಪಾರ್ಕಿನ ಮರದಡಿ ಜನ ಸೇರಿ ಬೆಳಗಿನ ಹಾಡು ಹಾಡಿ ಈ ಹೊಸ ವರ್ಷ ಮಾಡಲು ಶುರು ಮಾಡಿದರು. ನಮ್ಮ ಭಾಷೆ ಬಿಡುವುದಿಲ್ಲ ಎಂದು ಹೇಳುವ ದಾರಿಯೂ ಅದಾಗಿತ್ತು.

ನನ್ನ ತಮ್ಮ ಕುವೈತಿನಲ್ಲಿದ್ದಾಗ ಅವನ ಕ್ಯಾಂಪಿನ ಅಡುಗೆಯವರು ಶ್ರೀಲಂಕಾದವರು. ಒಬ್ಬರು ಸಿಂಹಳ, ಒಬ್ಬರು ತಮಿಳು. ಆಗ ಅವರ ಊರಿನಲ್ಲಿ ಯುದ್ಧ. ಇಬ್ಬರೂ ವರ್ಷವಿಡೀ ಬೇಕಾದಷ್ಟೇ ಮಾತಾಡುತ್ತಿದ್ದರಂತೆ. ಅವುರುದ್ದ ದಿನ ಮಾತ್ರ ಒಂದೇ ಒಲೆ. ಹಳೆ ವರ್ಷ ಮುಗಿದು ಹೊಸದು ಹಿಡಿಯುವ ನಡುವೆ ಅವರಲ್ಲಿ ಸುಮಾರು ಅರ್ಧ ದಿನ ಒಲೆ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ. ಸೂರ್ಯನ ಬಿಂಬ ಒಂದು ಚುಕ್ಕಿ ಅಲ್ಲವಲ್ಲ, ಅದು ಪೂರ್ತಿ ಗೆರೆ ದಾಟಲು ಅಷ್ಟು ಹೊತ್ತು ಬೇಕು ಎನ್ನುವ ಲೆಕ್ಕ. ಆಮೇಲೆ ಮುಹೂರ್ತ ನೋಡಿ ಹೊಸ ಬೆಂಕಿ ಹಚ್ಚಿ ಹಾಲು ಉಕ್ಕಿಸುತ್ತಾರೆ. ಕ್ಯಾಂಪಿನವರೆಲ್ಲ ಅರ್ಧ ದಿನ ಉಪವಾಸ ಬಿದ್ದರಂತೆ! ತಮ್ಮ ಆ ದಿನ ಫೋನ್ ಮಾಡಿ, "ಅಕ್ಕ, ಇಲ್ಲಿ ಬಿಸು ಕಟ್ಟುನಿಟ್ಟು ಜಾಸ್ತಿ" ಅಂದಿದ್ದ.

ಇಷ್ಟೆಲ್ಲ ಹೇಳಿ ನಮ್ಮ ಮನೆಯ ಬಿಸುವನ್ನು ಸುಮ್ನೆ ಸಿಹಿ ಮಾಡಿ ತೋರಿಸಿದರೆ ತಪ್ಪಾಗುತ್ತದೆ. ಪಗ್ಗು ತಿಂಗಳ ಮೊದಲ ದಿನ, ಗದ್ದೆಯ ಮೂಲೆ ಉತ್ತು ಕೈಬಿತ್ತು ಹಾಕುವುದು, ಹಸಿ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಕಣಿಗೆ ಮಲ್ಲಿಗೆ, ಇವನ್ನೆಲ್ಲ ಎಲ್ಲರೂ ಬರೆಯುತ್ತಾರೆ. ಬಿಸು ಲೆಕ್ಕದ ದಿನವೂ ಆಗಿತ್ತು ಎನ್ನುವುದನ್ನು ಬರೆಯುವವರು ಕಡಿಮೆ.

ಹೊಸ ವರ್ಷ ಎಂದರೆ ರೈತನಿಗೆ ಹೊಸ ಗೇಣಿ. ನಮ್ಮ ಅಜ್ಜ ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗೆ ಭೂಮಿ ಕಾಯಂ, ಚಾಲಗೇಣಿಯವರನ್ನು ವರ್ಷ ತಿರುಗುವಾಗ ಎಬ್ಬಿಸಬಹುದಿತ್ತು. ಹಾಗಾಗಿ ಬಿಸುವಿಗೆ ಧಣಿಗಳ ಮನೆಗೆ ಕಾಣಿಕೆ ಹೊತ್ತುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಬೇಕು. ಎರಡು ದಿನ ಮುಂಚೆ ಅಜ್ಜ ಬಣ್ಣದ ಸೌತೆಕಾಯಿಗಳನ್ನು ಸಾಲಾಗಿ ಇಟ್ಟು ಆರಿಸುತ್ತಿದ್ದರು. ನೆಟ್ಟಗಿನದು, ಬಣ್ಣ ಬಂದದ್ದು ಧಣಿಗಳಿಗೆ. ಸೊಟ್ಟಗಿನದು ನಮ್ಮ ಕಣಿಗೆ. ನನಗೆ ಚಿಕ್ಕಂದಿನಲ್ಲಿ ಕಣಿಯ ಸೌತೆಕಾಯಿ ಸೊಟ್ಟಗೇ ಇರಬೇಕು, ಅದೇ ಶಾಸ್ತ್ರ ಎಂದು ಅನ್ನಿಸಿತ್ತು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಬಂತು. ಗೇಣಿ ಹೋಯಿತು. ಉಳುವ ಭೂಮಿ ತಮಗೇ ಸಿಗಲಿ ಎಂದು ಅಜ್ಜ ಡಿಕ್ಲರೇಶನ್ ಕೊಟ್ಟರು. ನಾನಾಗ ಆರನೇ ಕ್ಲಾಸು. ಆ ವರ್ಷದ ಬಿಸುವಿಗೆ ಅಜ್ಜ ಧಣಿಗಳ ಮನೆಗೆ ಹೋಗಲಿಲ್ಲ. ಬೆಳಿಗ್ಗೆ ನನ್ನ ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ಕೂರಿಸಿದರು. ಕಣ್ಣು ಬಿಟ್ಟರೆ ಕನ್ನಡಿಯ ಮುಂದೆ ನೆಟ್ಟಗಿನ ದೊಡ್ಡ ಸೌತೆಕಾಯಿ. ಅಜ್ಜಿ ಮಾತ್ರ ಇಡೀ ದಿನ ಹೆಬ್ಬಾಗಿಲ ಕಡೆ ನೋಡುತ್ತಲೇ ಇದ್ದರು, ಯಾರಾದರೂ ಕೇಳಿಕೊಂಡು ಬರುತ್ತಾರೋ ಎಂದು. ಯಾರೂ ಬರಲಿಲ್ಲ.

ಅದಕ್ಕೇ ಏಪ್ರಿಲ್ 14ಕ್ಕೆ ಅಂಬೇಡ್ಕರ್ ಹುಟ್ಟಿದ ದಿನವೂ ಬರುವುದು ನನಗೆ ಬಿಸುವಿನ ಮೇಲೆ ಬಿದ್ದ ಇನ್ನೊಂದು ಹಬ್ಬ ಅನ್ನಿಸುವುದಿಲ್ಲ. 1891ರ ಏಪ್ರಿಲ್ 14, ಮಧ್ಯಪ್ರದೇಶದ ಮಹೂ. "ನಮ್ಮ ಹಬ್ಬ ರಜಾಪಟ್ಟಿಯಲ್ಲಿ ಮುಚ್ಚಿಹೋಯಿತು" ಎಂದು ಗೊಣಗುವವರು ನಮ್ಮ ನೆಂಟರಲ್ಲೇ ಇದ್ದಾರೆ. ಒಕ್ಕಲು ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ದಿನ, ಅಂಗಳದವರೆಗೂ ಬಿಟ್ಟುಕೊಳ್ಳದವರು ಇನ್ನೂ ದೂರ ನಿಲ್ಲುತ್ತಿದ್ದ ದಿನ, ಈಗ ಅಂಬೇಡ್ಕರ್ ಜಯಂತಿಯ ದಿನ. ಎರಡೂ ಒಂದೇ ಕ್ಯಾಲೆಂಡರ್ ಚೌಕದಲ್ಲಿ ಇರಲಿ ಬಿಡಿ. ಜಾಗ ಸಾಕು.

ಬಂಗಾಳದಲ್ಲೂ ಈ ಹೊಸ ವರ್ಷದ ಮೂಲ ಕಂದಾಯದ್ದೇ ಎಂದು ಹೇಳುತ್ತಾರೆ. ಅಕ್ಬರನ ಕಾಲದಲ್ಲಿ ಚಂದ್ರನ ಹಿಜರಿ ವರ್ಷಕ್ಕೆ ತೆರಿಗೆ ಕೇಳುತ್ತಿದ್ದರು. ಅದು 354 ದಿನದ್ದು. ಕೆಲವು ವರ್ಷದಲ್ಲಿ ತೆರಿಗೆ ಬೆಳೆಗಿಂತ ಮುಂಚೆ ಬರುತ್ತಿತ್ತು. ಅದಕ್ಕೆ ಸೂರ್ಯನ ಲೆಕ್ಕ ತಂದರು ಎನ್ನುವುದು ಅಲ್ಲಿಯ ಮಾತು. ಇವತ್ತಿಗೂ ಅಲ್ಲಿ ಅಂಗಡಿಯವರು ಆ ದಿನ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ, 'ಹಾಲ್‌ಖಾತಾ' ಎಂದು ಅದಕ್ಕೆ ಹೆಸರು. ಹಳೆ ಬಾಕಿ ತೀರಿಸಿದ ಗಿರಾಕಿಗೆ ಸಿಹಿ ಕೊಡುತ್ತಾರೆ. ಧಣಿ ಒಕ್ಕಲಿಗೆ ಸಿಹಿ ಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ಈಗ ನನ್ನ ಕೇಳಿಕೆ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ (ಮೀನಿನ ಬೋಟು ನಿಲ್ಲುವ ಕಡೆ) ಬೋಟಿನ ಕೆಲಸಕ್ಕೆ ಒಡಿಶಾದವರು, ಬಂಗಾಳದವರು ಇದ್ದಾರೆ. ಕಟ್ಟಡ ಕೆಲಸದಲ್ಲಿ ಅಸ್ಸಾಮಿನವರಿದ್ದಾರೆ. ಹೋಟೆಲಿನಲ್ಲಿ, ಗೇಟಿನಲ್ಲಿ ನೇಪಾಳಿಗಳು. ನಮ್ಮಲ್ಲಿ ಮೀನುಗಾರಿಕೆಗೆ ರಜೆ ಸಿಗುವುದು ಜೂನ್, ಜುಲೈಯಲ್ಲಿ. ಹಾಗಾಗಿ ಏಪ್ರಿಲ್ ಮಧ್ಯದಲ್ಲಿ ಅವರು ದಕ್ಕೆಯಲ್ಲೇ ಇರುತ್ತಾರೆ. ಒಡಿಶಾದವರು ಆ ದಿನಕ್ಕೆ ಪಣಾ ಸಂಕ್ರಾಂತಿ ಎನ್ನುತ್ತಾರೆ. ಪಣಾ ಅಂದರೆ ಪಾನಕ, ಅವರು ಬಿಲ್ವದ ಹಣ್ಣಿನದು ಮಾಡುತ್ತಾರೆ. ತುಳಸಿ ಗಿಡದ ಮೇಲೆ ತೂತಿನ ಮಡಕೆ ಕಟ್ಟಿ ಹನಿ ಹನಿ ನೀರು ಬೀಳಿಸುತ್ತಾರೆ. ಇವರೆಲ್ಲರನ್ನು ನಾವು ಒಟ್ಟಿಗೆ 'ಹೊರಗಿನವರು' ಎಂದು ಕರೆಯುತ್ತೇವೆ. ಹಬ್ಬ ಒಂದೇ ಇಟ್ಟುಕೊಂಡು!

ಹಾಗಾಗಿ ಬಿಸುವಿನ ಬೆಳಿಗ್ಗೆ ಎರಡೂ ದಕ್ಕೆಗಳಲ್ಲಿ ಜಿಲ್ಲಾಡಳಿತದಿಂದ ಒಂದು ಪಾನಕದ ಕಟ್ಟೆ ಮಾಡಿಸಿ. ವೇದಿಕೆ, ಶಾಲು, ಭಾಷಣ ಬೇಡ. ಬೆಲ್ಲ, ಏಲಕ್ಕಿ, ಕಾಳುಮೆಣಸು, ನೀರು. ಪಕ್ಕದಲ್ಲಿ ಒಂದು ಫಲಕ. ಅದರ ಮೇಲೆ ಬಿಸು, ವಿಷು, ಬಿಹು, ಪುತ್ತಾಂಡು, ಬೈಸಾಖಿ, ಪಣಾ, ಪೊಹೆಲಾ ಬೊಯಿಶಾಖ್, ನಯಾ ವರ್ಷ ಎಂದು ಬರೆಸಿ, ಅವರವರ ಲಿಪಿಯಲ್ಲಿ. ಜಿಲ್ಲಾಡಳಿತದ ಶುಭಾಶಯದಲ್ಲೂ ಈ ಹೆಸರುಗಳು ಇರಲಿ. ಖರ್ಚಿನ ಬಗ್ಗೆ ಹೇಳುವುದಾದರೆ, ಒಂದು ಫ್ಲೆಕ್ಸಿನ ದುಡ್ಡಿಗೆ ಎಷ್ಟು ಬೆಲ್ಲ ಬರುತ್ತದೆ ಎಂದು ಯಾವ ದಿನಸಿ ಅಂಗಡಿಯವರೂ ಹೇಳುತ್ತಾರೆ.

ಶಾಲೆಗಳಲ್ಲಿ ಬಿಸು ದಿನವೇ ಮಾಡಿ ಎನ್ನಲಾರೆ, ಮಕ್ಕಳೇ ಇರುವುದಿಲ್ಲ. ಆದರೆ ಮಾರ್ಚ್ 21ರ ಹೊತ್ತಿಗೆ ಇರುತ್ತಾರೆ. ಅಂಗಳದಲ್ಲಿ ಒಂದು ಕೋಲು ನೆಟ್ಟು, ಬೆಳಿಗ್ಗೆಯಿಂದ ಸಂಜೆವರೆಗೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಲಿ. ಆ ದಿನ ಗುರುತುಗಳು ಹೆಚ್ಚುಕಡಿಮೆ ನೇರ ಗೆರೆಯಾಗಿ ಬೀಳುತ್ತವೆ. ಹಳೆಯ ಬಿಸು ಇವತ್ತು, ನಮ್ಮ ಬಿಸು ಇನ್ನು 24 ದಿನಕ್ಕೆ, ಯಾಕೆ ಹೇಳಿ ನೋಡೋಣ ಎಂದು ಟೀಚರು ಕೇಳಲಿ. ಪರೀಕ್ಷೆಯ ಗಡಿಬಿಡಿ ಇರುತ್ತದೆ, ಗೊತ್ತು. ಐದು, ಆರು, ಏಳನೇ ಕ್ಲಾಸಿನವರಿಗಾದರೂ ಮಾಡಿಸಬಹುದು.

ರಜೆ ಕೇಳುವುದಿಲ್ಲ ಎಂದೆ. ಒಂದು ಸಣ್ಣ ತಿದ್ದುಪಡಿ. ಕೆಲವು ವರ್ಷ ಬಿಸು 15ಕ್ಕೆ ಹೋಗುತ್ತದೆ. ಕೊಡಗು ಜಿಲ್ಲೆಗೆಂದೇ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಸರ್ಕಾರ ಸ್ಥಳೀಯ ರಜೆ ಕೊಡುತ್ತದೆ. ಹಾಗೆ ನಮ್ಮ ಎರಡು ಜಿಲ್ಲೆಗಳಿಗೆ 15ರ ಬಿಸುವಿಗೂ ಕೊಡಬಹುದೋ ಎಂದು ಒಮ್ಮೆ ಬೆಂಗಳೂರಿಗೆ ಬರೆದು ಕೇಳಿ. ಸಿಕ್ಕಿದರೆ ಸಂತೋಷ, ಸಿಗದಿದ್ದರೆ ಬೆಳಿಗ್ಗೆ ಕಣಿ ನೋಡಿ ಆಫೀಸಿಗೆ ಹೋಗುವುದು ನಮಗೆ ಅಭ್ಯಾಸವೇ. ಅದಕ್ಕಿಂತ ಮುಖ್ಯವಾದದ್ದು, ಕಾರ್ಮಿಕ ಇಲಾಖೆಯ ಮೂಲಕ ಅಪಾರ್ಟ್‌ಮೆಂಟುಗಳಿಗೆ, ಕಂಟ್ರಾಕ್ಟರುಗಳಿಗೆ ಒಂದು ಸುತ್ತೋಲೆ. ಆ ದಿನ ಇಂಥಿಂಥ ಕಡೆಯ ಕೆಲಸಗಾರರಿಗೆ ಹೊಸ ವರ್ಷ, ಅರ್ಧ ದಿನ ಬಿಡುವು ಕೊಡಿ ಎಂದು. ಆಗ ಯಾರೂ ಯಾರನ್ನೂ "ನಿನಗೆ ಯಾವ ಹಬ್ಬ?" ಎಂದು ಕೇಳಬೇಕಿಲ್ಲ.

ಆ ವಾಚ್‌ಮನ್‌ಗೆ ಅವತ್ತು ನಾನು ಮೇಲಿಂದ ಪಾಯಸ ತಂದುಕೊಟ್ಟೆ. ಲೋಟ ತೊಳೆದು ವಾಪಸ್ ಕೊಡುವಾಗ ಕೇಳಿದ, "ಅಮ್ಮಾ, ನಿಮ್ಮದು ಈಗ ಎಷ್ಟನೇ ವರ್ಷ? ನಮ್ಮದು 2082." ನಾನು ಶಕ ವರ್ಷ ನೆನಪು ಮಾಡಿಕೊಳ್ಳಲು ಹೋಗಿ ತಡವರಿಸಿದೆ. ಮೊಮ್ಮಗನನ್ನು ಕೇಳಿದೆ. ಅವನು "2025" ಅಂದ.

ಇಂತಿ ತಮ್ಮ ವಿಶ್ವಾಸಿ,
ಕಟಪಾಡಿಯ ಒಬ್ಬ ನಿವೃತ್ತ ಶಿಕ್ಷಕಿ